ಗ್ರೇಡೆಡ್ ಬೀಮ್: ಹೊಸ ವಿಧಾನ ಹಾಕಿದ ಮೇಲೆ ಸ್ಟ್ರೆಸ್ ಯಾಕೆ ಗರಗಸದ ಹಲ್ಲಿನಂತೆ ಬರುತ್ತಿದೆ?

ಮಂಡ್ಯ ಬೀಮ್ (ಶುಕ್ರವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಎರಡನೇ ವರ್ಷ ಓದುತ್ತಿದ್ದೇನೆ, ಊರು ಮಂಡ್ಯ. ಪ್ರಾಜೆಕ್ಟ್ ವಿಷಯ ಗ್ರೇಡೆಡ್ ಮಟೀರಿಯಲ್. ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುತ್ತಾ ಗುಣ ಸ್ವಲ್ಪ ಸ್ವಲ್ಪವೇ ಬದಲಾಗುವ ವಸ್ತು. ನನ್ನ ಬೀಮ್ 12 ಮಿಲಿಮೀಟರ್ ದಪ್ಪ. ಕೆಳಗಿನ ಮೈ ಅಲ್ಯೂಮಿನಿಯಂ, ಮಾಡ್ಯುಲಸ್ (ಎಳೆದರೆ ಹಿಗ್ಗದೆ ತಡೆಯುವ ಬಿಗಿತದ ಅಳತೆ) 70 ಗಿಗಾಪಾಸ್ಕಲ್. ಮೇಲಿನ ಮೈ ಉಕ್ಕು, 210. ನಡುವೆ ನೇರ ಗೆರೆಯಲ್ಲಿ ಏರುತ್ತದೆ.

ಮೊದಲು ಕಂಪ್ಯೂಟರ್ ಮಾದರಿಯಲ್ಲಿ ದಪ್ಪವನ್ನು 10 ಹೋಳು ಮಾಡಿದೆ. ಒಂದೊಂದು ಹೋಳಿಗೆ ಒಂದೊಂದು ಮಾಡ್ಯುಲಸ್: 77, 91, 105, ಹೀಗೆ 203ರ ತನಕ. ಬಾಗಿಸಿ ನೋಡಿದರೆ ಸ್ಟ್ರೆಸ್ (ಒಂದು ಚದರ ಜಾಗದ ಮೇಲೆ ಬೀಳುವ ಬಲ) ಗ್ರಾಫ್ ಮೆಟ್ಟಿಲಿನಂತೆ ಬಂತು. ಗೈಡ್ ಒಂದೇ ಮಾತು ಹೇಳಿದರು, ಮೆಶ್ (ಮಾದರಿಯನ್ನು ತುಂಡು ಮಾಡಿದ ಬಲೆ; ಒಂದೊಂದು ತುಂಡು ಒಂದು ಎಲಿಮೆಂಟ್, ಅದರ ಅಂಚಿನ ಬಿಂದುಗಳು ನೋಡ್) ಸಣ್ಣ ಮಾಡು. ಸರಿ, 40 ಹೋಳು ಮಾಡಿದೆ. 40 ಮಟೀರಿಯಲ್ ಕೈಯಲ್ಲೇ ಟೈಪ್ ಮಾಡಿದೆ, ರಾತ್ರಿ ಎರಡಾಯಿತು. ಬೆಳಿಗ್ಗೆ ನೋಡಿದರೆ ಗ್ರಾಫಿನ ಮಧ್ಯೆ ಒಂದು ಗೂನು. ಒಂದು ಕಡೆ 117.25ರ ಬದಲು 171.25 ಹೊಡೆದಿದ್ದೆ, ಅದನ್ನು ಹುಡುಕುವುದಕ್ಕೆ ಇನ್ನೊಂದು ದಿನ ಹೋಯಿತು.

ಸಾಕಾಯಿತು ಅಂತ ಈ ಲೆಕ್ಕದ ಸಾಫ್ಟ್‌ವೇರ್ ಆದ ಅಬಾಕಸ್‌ನಲ್ಲಿ ಯುಮ್ಯಾಟ್ (ವಸ್ತುವಿನ ಗುಣವನ್ನು ನಾವೇ ಬರೆದು ಸೇರಿಸುವ ಕೋಡ್) ಬರೆಯುವುದನ್ನು ಕಲಿತೆ. ಪ್ರತಿ ಗೌಸ್ ಬಿಂದುವಿನ (ಎಲಿಮೆಂಟಿನ ಒಳಗೆ ಲೆಕ್ಕ ನಡೆಯುವ ಬಿಂದು) ಕೋಆರ್ಡಿನೇಟ್ ತೆಗೆದುಕೊಂಡು ಅಲ್ಲೇ ಮಾಡ್ಯುಲಸ್ ಲೆಕ್ಕ ಹಾಕುತ್ತದೆ. ಬಾಗಿಸುವ ಕೇಸ್ ಬೆಣ್ಣೆಯ ಹಾಗೆ ಬಂತು, ಮೆಟ್ಟಿಲೇ ಇಲ್ಲ. ಖುಷಿಯಾಯಿತು.

ಅಲ್ಲಿಗೆ ಸುಮ್ನೆ ಇರಬೇಕಿತ್ತು. ಒಂದು ಪರೀಕ್ಷೆ ಮಾಡೋಣ ಅಂತ 100 ಮಿಮೀ ಉದ್ದದ, 10ಕ್ಕೆ 10ರ ಸರಳು ತೆಗೆದುಕೊಂಡೆ. ಈ ಸಲ ಬದಲಾವಣೆ ಉದ್ದಕ್ಕೆ, ಎಡ ತುದಿ ಅಲ್ಯೂಮಿನಿಯಂ, ಬಲ ತುದಿ ಉಕ್ಕು. ಎಳೆದದ್ದೂ ಉದ್ದಕ್ಕೇ, 10,000 ನ್ಯೂಟನ್. ಪಾಯ್ಸನ್ ಅನುಪಾತ ಸೊನ್ನೆ ಇಟ್ಟೆ, ಅಂದರೆ ಎಳೆದರೂ ಅಡ್ಡಕ್ಕೆ ಕುಗ್ಗುವುದಿಲ್ಲ. ನಾಲ್ಕು ನೋಡಿನ ಪ್ಲೇನ್ ಸ್ಟ್ರೆಸ್ (ಎರಡು ಆಯಾಮದ) ಎಲಿಮೆಂಟ್, ಉದ್ದಕ್ಕೆ 10. ಎಲ್ಲಾ ಕಡೆ 100 ಮೆಗಾಪಾಸ್ಕಲ್ ಬರಬೇಕು ಅಲ್ವಾ? ಬಂದದ್ದು ಇದು: ಎಡ ತುದಿಯ ಎಲಿಮೆಂಟ್ ಒಳಗೆ 91ರಿಂದ 109ಕ್ಕೆ ಏರುತ್ತದೆ. ಮುಂದಿನ ಎಲಿಮೆಂಟಿಗೆ ಕಾಲಿಟ್ಟ ಕೂಡಲೇ ಮತ್ತೆ ಕೆಳಗೆ ಬಿದ್ದು ಮತ್ತೆ ಏರುತ್ತದೆ. ಬಲ ತುದಿಗೆ ಹೋಗುವಷ್ಟರಲ್ಲಿ ಹಲ್ಲು ಚಿಕ್ಕದಾಗಿ 97ರಿಂದ 103. ಅದೇ ಸರಳಿಗೆ ಹಳೆಯ ಹತ್ತು ಹೋಳಿನ ಮಾದರಿ ಹಾಕಿದರೆ 100, 100, 100. ಒಂದು ಪಾಯಿಂಟ್ ಆಚೀಚೆ ಇಲ್ಲ.

ಕಷ್ಟಪಟ್ಟು ಕಲಿತ ವಿಧಾನಕ್ಕಿಂತ ಹಳೆಯ ಹೋಳು ಸರಿ ಬರುತ್ತಿದೆ. ಕೋಡ್ ತಪ್ಪೇ? ಸೋಮವಾರ ರಿವ್ಯೂ ಇದೆ.

ಮೆಶ್ ಮಾಮ

ತಲೆ ಕೆಡಿಸಿಕೊಳ್ಳಬೇಡಿ. ರೆಡ್ಯೂಸ್ಡ್ ಇಂಟಿಗ್ರೇಷನ್ ಎಲಿಮೆಂಟ್ ಹಾಕಿ. ಹಲ್ಲು ಮಾಯ.

ಮಂಡ್ಯ ಬೀಮ್

ಈಗಲೇ ಓಡಿಸಿ ನೋಡಿದೆ. ನಿಜವಾಗಿಯೂ ಮಾಯ! ಎಲ್ಲಾ ಕಡೆ 100. ಧನ್ಯವಾದ ಮಾಮ. ಇಷ್ಟಕ್ಕೆ ನಾಲ್ಕು ದಿನ ಒದ್ದಾಡಿದೆ.

ಹೆಬ್ಬಾಳದ ಹಳಬ (ರಾತ್ರಿ 11:15)

ಸ್ವಲ್ಪ ತಡೆಯಿರಿ. ಮಾಯ ಆದದ್ದು ಹಲ್ಲಲ್ಲ, ನಿಮ್ಮ ಗ್ರೇಡಿಂಗ್.

ನಾಲ್ಕು ನೋಡಿನ ಎಲಿಮೆಂಟಿಗೆ ರೆಡ್ಯೂಸ್ಡ್ ಇಂಟಿಗ್ರೇಷನ್ ಅಂದರೆ ಗೌಸ್ ಬಿಂದು ಒಂದೇ, ಎಲಿಮೆಂಟಿನ ನಟ್ಟನಡುವೆ. ಯುಮ್ಯಾಟ್ ಅಲ್ಲಿ ಮಾತ್ರ ಮಾಡ್ಯುಲಸ್ ಕೇಳುತ್ತದೆ. ಮೊದಲ ಎಲಿಮೆಂಟಿಗೆ 77, ಎರಡನೆಯದಕ್ಕೆ 91. ಎಲ್ಲೋ ನೋಡಿದ ಹಾಗಿದೆ ಅಲ್ವಾ? ನಿಮ್ಮ ಹತ್ತು ಹೋಳಿನ ಪಟ್ಟಿಯೇ ಅದು. ಹಿಂದಿನ ಬಾಗಿಲಿಂದ ಅದೇ ಮನೆಗೆ ಬಂದಿದ್ದೀರಿ.

ನಿಮ್ಮ ಕೋಡ್ ಸರಿಯಾಗಿದೆ. 91 ಮತ್ತು 109 ಎಲ್ಲಿಂದ ಬಂತು ಅಂತ ಕೈಯಲ್ಲೇ ತೋರಿಸುತ್ತೇನೆ, ಪೆನ್ನು ಹಿಡಿದುಕೊಳ್ಳಿ. ಮೊದಲ ಎಲಿಮೆಂಟಿನಲ್ಲಿ ಮಾಡ್ಯುಲಸ್ 70ರಿಂದ 84ಕ್ಕೆ ಹೋಗುತ್ತದೆ, ಸರಾಸರಿ 77. ಈ ಎಲಿಮೆಂಟಿಗೆ ಉದ್ದಕ್ಕೆ ಇರುವುದು ಒಂದೇ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದರೆ ಹಿಗ್ಗಿದ ಪ್ರಮಾಣ), ಅದನ್ನು ಒಳಗೆ ಬದಲಾಯಿಸುವ ಶಕ್ತಿ ಅದಕ್ಕೆ ಇಲ್ಲ. ಆ ಸ್ಟ್ರೇನ್ 100 ಭಾಗಿಸು 77 ಸಾವಿರ. ಈಗ ಅದನ್ನು ಎಡ ಅಂಚಿನ 70 ಸಾವಿರದಿಂದ ಗುಣಿಸಿದರೆ 90.9. ಬಲ ಅಂಚಿನ 84 ಸಾವಿರದಿಂದ ಗುಣಿಸಿದರೆ 109.1. ಕೊನೆಯ ಎಲಿಮೆಂಟ್ 196ರಿಂದ 210, ಸರಾಸರಿ 203. ಅಲ್ಲಿ 96.6 ಮತ್ತು 103.4. ನೀವು ಬರೆದ ಅಂಕಿಗಳೇ. ಗೌಸ್ ಬಿಂದುವಿನಲ್ಲೇ ಓದಿದ್ದರೆ ಮೊದಲ ಎಲಿಮೆಂಟಿನಲ್ಲಿ 95 ಮತ್ತು 105ರ ಹತ್ತಿರ ಸಿಗುತ್ತಿತ್ತು, ನೋಡಿಗೆ ಎಳೆದು ತಂದಾಗ ಹಲ್ಲು ಇನ್ನೂ ಉದ್ದ ಆಗಿದೆ.

ಇನ್ನೊಂದು ನೋಡಿ. ಸರಳು ಒಟ್ಟು ಎಷ್ಟು ಉದ್ದ ಆಯಿತು? ಹಳೆಯದರಲ್ಲೂ ಹೊಸದರಲ್ಲೂ?

ಮಂಡ್ಯ ಬೀಮ್

ಎರಡರಲ್ಲೂ 0.0784 ಮಿಮೀ. ಕೊನೆಯ ಅಂಕಿವರೆಗೂ ಒಂದೇ! ಇದನ್ನು ನಾನು ನೋಡಿಯೇ ಇರಲಿಲ್ಲ.

ಹೆಬ್ಬಾಳದ ಹಳಬ

ಒಂದೇ ಇರಲೇಬೇಕು. ಮಾಡ್ಯುಲಸ್ ನೇರ ಗೆರೆಯಲ್ಲಿ ಏರುವಾಗ ಎರಡು ಬಿಂದುವಿನ ಗೌಸ್ ಸರಾಸರಿಯನ್ನು ಚಾಚೂ ತಪ್ಪದೆ ಹಿಡಿಯುತ್ತದೆ. ಹೋಳು ಮಾಡಿದಾಗಲೂ ನೀವು ಕೊಟ್ಟದ್ದು ಅದೇ ಸರಾಸರಿ. ಆದ್ದರಿಂದ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ (ಮಾದರಿಯ ಬಿಗಿತದ ಕೋಷ್ಟಕ) ಒಂದೇ, ಉದ್ದವೂ ಒಂದೇ. ಬೇರೆ ಆದದ್ದು ಕೊನೆಗೆ ಸ್ಟ್ರೇನನ್ನು ಯಾವ ಮಾಡ್ಯುಲಸ್‌ನಿಂದ ಗುಣಿಸಿದ್ದೀರಿ ಅನ್ನುವುದು ಮಾತ್ರ.

ಸರಿ ಉತ್ತರ ಕೈಲೆಕ್ಕದಲ್ಲಿ ಸಿಗುತ್ತದೆ. ಬಲ ಗುಣಿಸು ಉದ್ದ ಭಾಗಿಸು ಅಡ್ಡಕೊಯ್ತದ ವಿಸ್ತೀರ್ಣ, ಅದನ್ನು 3ರ ಸಹಜ ಲಾಗರಿದಮ್‌ನಿಂದ ಗುಣಿಸಿ 140 ಸಾವಿರದಿಂದ ಭಾಗಿಸಿ. 210ಕ್ಕೂ 70ಕ್ಕೂ ಮೂರು ಪಟ್ಟು, ಅದಕ್ಕೆ 3. ಅವುಗಳ ವ್ಯತ್ಯಾಸ 140. ಬರುವುದು 0.07847 ಮಿಮೀ. ಒಂದೇ ಎಲಿಮೆಂಟ್ ಹಾಕಿದರೆ 0.07143, ಶೇಕಡ 9 ಕಡಿಮೆ. ಎರಡು ಹಾಕಿದರೆ 0.07619, ಶೇಕಡ 2.9. ನಾಲ್ಕಕ್ಕೆ 0.07784, ಶೇಕಡ 0.8. ದುಪ್ಪಟ್ಟು ಮಾಡುತ್ತಾ ಹೋದ ಹಾಗೆ ತಪ್ಪು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ರಿವ್ಯೂಗೆ ಈ ನಾಲ್ಕು ಅಂಕಿ ಒಂದು ಸ್ಲೈಡಿನಲ್ಲಿ ಹಾಕಿ. ಬಣ್ಣಬಣ್ಣದ ಚಿತ್ರ ಹತ್ತು ಹಾಕುವುದಕ್ಕಿಂತ ಇದು ವಾಸಿ.

ರಾತ್ರಿ ಪಾಳಿ

ಹಳಬರೇ, ಹಾಗಾದರೆ ಬಾಗಿಸುವಾಗ ಹೊಸದೇ ಯಾಕೆ ಚೆನ್ನಾಗಿ ಬಂತು? ಅಲ್ಲೂ ಅದೇ ಯುಮ್ಯಾಟ್ ತಾನೇ?

ಹೆಬ್ಬಾಳದ ಹಳಬ

ಒಳ್ಳೆಯ ಪ್ರಶ್ನೆ. ಅದಕ್ಕೆ ಎತ್ತು ಮತ್ತು ಹಗ್ಗ ಬೇಕು.

ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು ನೆನಪು ಮಾಡಿಕೊಳ್ಳಿ. ಒಂದು ಬಲವಾದದ್ದು, ಒಂದು ಸೊರಗಿದ್ದು. ಎರಡೂ ನಡೆಯುವ ದೂರ ಒಂದೇ, ಆದರೆ ಎಳೆತ ಬೇರೆ ಬೇರೆ. ಬಲವಾದದ್ದರ ಹೆಗಲಿಗೇ ಜಾಸ್ತಿ. ಬಾಗುವ ಬೀಮಿನಲ್ಲಿ ಅಕ್ಕಪಕ್ಕದ ಪದರಗಳು ಹೀಗೇ. ಅಡ್ಡಕೊಯ್ತ ಸಪಾಟಾಗಿಯೇ ಉಳಿಯುವುದರಿಂದ ಸ್ಟ್ರೇನ್ ನುಣುಪಾಗಿ ಹೋಗುತ್ತದೆ, ಸ್ಟ್ರೆಸ್ ಮಾತ್ರ ಮಾಡ್ಯುಲಸ್ ಇದ್ದ ಹಾಗೆ ಏರಿಳಿಯುತ್ತದೆ. ಎಲಿಮೆಂಟಿನ ಒಳಗೆ ಮಾಡ್ಯುಲಸ್ ಬದಲಾದರೆ ಸ್ಟ್ರೆಸ್ ಸರಿಯಾಗಿ ಬರುತ್ತದೆ, ಬದಲಾಗದಿದ್ದರೆ ಮೆಟ್ಟಿಲು.

ಇನ್ನು ಬಾವಿ ಹಗ್ಗ. ದಪ್ಪ ಹಗ್ಗ ಸಾಲದೆ ಹೋದಾಗ ಅದರ ತುದಿಗೆ ಒಂದು ತೆಳು ಹಗ್ಗ ಗಂಟು ಹಾಕಿ ಬಿಂದಿಗೆ ಇಳಿಸುತ್ತಿದ್ದರು. ಎರಡಕ್ಕೂ ಬೀಳುವ ಎಳೆತ ಒಂದೇ, ಹಿಗ್ಗುವುದು ಬೇರೆ ಬೇರೆ. ನಿಮ್ಮ ಸರಳು ಈ ಹಗ್ಗ. ಇಲ್ಲಿ ಸ್ಟ್ರೆಸ್ ಬದಲಾಗುವುದಿಲ್ಲ, ಸ್ಟ್ರೇನ್ ಬದಲಾಗಬೇಕು. ನಾಲ್ಕು ನೋಡಿನ ಎಲಿಮೆಂಟಿಗೆ ಅದು ಬರುವುದಿಲ್ಲ. ಬರದವನ ಕೈಯಲ್ಲಿ ಬದಲಾಗುವ ಮಾಡ್ಯುಲಸ್ ಕೊಟ್ಟರೆ ಅವನು ಸ್ಟ್ರೆಸ್ಸನ್ನೇ ಕುಣಿಸುತ್ತಾನೆ.

ಅದಕ್ಕೇ ಗ್ರೇಡೆಡ್ ಎಲಿಮೆಂಟ್ ಮೇಲು ಅಂತಲೋ ಹೋಳು ಮೇಲು ಅಂತಲೋ ಹೇಳುವುದಕ್ಕೆ ಆಗುವುದಿಲ್ಲ. ಮೊದಲು ಕೇಳಬೇಕಾದದ್ದು ನಿನ್ನ ಭಾರ ಯಾವ ಕಡೆಗೆ, ನಿನ್ನ ಗ್ರೇಡಿಂಗ್ ಯಾವ ಕಡೆಗೆ ಅಂತ. ಎರಡೂ ಅಡ್ಡಡ್ಡ ಇದ್ದರೆ ಗ್ರೇಡೆಡ್ ಎಲಿಮೆಂಟ್ ಗೆಲ್ಲುತ್ತದೆ. ಒಂದೇ ದಿಕ್ಕಿನಲ್ಲಿದ್ದರೆ, ಸ್ಟ್ರೆಸ್ ವಿಷಯದಲ್ಲಿ, ಬಡಪಾಯಿ ಹೋಳು ಗೆಲ್ಲುತ್ತದೆ. ಇದು ನಾಲ್ಕು ನೋಡಿನ ಎಲಿಮೆಂಟಿನ ಮಾತು. ಎಂಟು ನೋಡಿನದು ಹಾಕಿ ನೋಡಿ, ಆಮೇಲೆ ಹೇಳಿ.

ಮಂಡ್ಯ ಬೀಮ್ (ಶನಿವಾರ, ಬೆಳಿಗ್ಗೆ 7:30)

ಎಂಟು ನೋಡ್ ಹಾಕಿದೆ. ಅದೇ 10 ಎಲಿಮೆಂಟ್, ಅದೇ ಯುಮ್ಯಾಟ್. ಎಡ ತುದಿಯಲ್ಲಿ ಅತಿ ಕಡಿಮೆ 99.4 ಬಂತು. ಹಲ್ಲು ಇದೆ, ಆದರೆ ಹಾಲುಹಲ್ಲು.

ಮೆಶ್ ಮಾಮ

ಅಲ್ರಿ, ಇಷ್ಟೆಲ್ಲಾ ಯಾಕೆ? ಈಗಿನ ಲ್ಯಾಪ್‌ಟಾಪಿನಲ್ಲಿ 200 ಎಲಿಮೆಂಟ್ ಅಂದರೆ ಒಂದು ಸೀನು ಸೀನುವಷ್ಟರಲ್ಲಿ ಮುಗಿಯುತ್ತದೆ. ಹೋಳು ಮಾಡಿ, 200 ಮಾಡಿ, ಸಣ್ಣ ಸ್ಕ್ರಿಪ್ಟ್ ಬರೆದು ಮಟೀರಿಯಲ್ ತುಂಬಿಸಿ. ಯುಮ್ಯಾಟ್ ಇಲ್ಲ, ಫೋರ್ಟ್ರಾನ್ ಇಲ್ಲ, ಕಂಪೈಲರ್ ಗೋಳಿಲ್ಲ.

ಹೆಬ್ಬಾಳದ ಹಳಬ

ಮಾಮನ ಮಾತಿನಲ್ಲಿ ಅರ್ಧ ಸತ್ಯ ಇದೆ ಅಂತ ಒಪ್ಪುತ್ತೇನೆ. ಸಣ್ಣ ಬೀಮ್, ಲೀನಿಯರ್ ಕೆಲಸ, ಬರೀ ಡಿಫ್ಲೆಕ್ಷನ್ (ಎಷ್ಟು ಬಗ್ಗಿತು ಅನ್ನುವುದು) ಬೇಕು ಅಂದರೆ ಹಾಗೇ ಮಾಡಿ, ನಾನೂ ಮಾಡಿದ್ದೇನೆ. ದೊಡ್ಡ ತ್ರೀಡಿ ಭಾಗಕ್ಕೆ ಗ್ರೇಡಿಂಗ್ ವಕ್ರ ಮೈಯ ಹಿಂದೆ ಹೋಗುತ್ತಿದ್ದರೆ ಹೋಳು ಕೊಯ್ಯುವುದೇ ದೊಡ್ಡ ಕೆಲಸ. ಇನ್ನು ಪವರ್ ಲಾ (ದೂರದ ಒಂದು ಘಾತದಂತೆ ಗುಣ ಏರುವ ಸೂತ್ರ) ಇದ್ದು ಘಾತ 0.2ರಂತೆ ಇದ್ದರೆ, ಒಂದು ಮೈಯ ಹತ್ತಿರ ಏರಿಕೆ ಗೋಡೆಯ ಹಾಗೆ ನಿಂತಿರುತ್ತದೆ. ಅಲ್ಲಿ ಸಮಸಮ 200 ಹೋಳು ಮಾಡಿದರೂ ಮೊದಲ ಎರಡು ಮೂರು ಹೋಳು ಸುಳ್ಳು ಹೇಳುತ್ತವೆ. ಮೆಶ್ಶನ್ನು ಆ ಮೈಯ ಕಡೆಗೆ ಒತ್ತಬೇಕು, ಉಳಿದ ಕಡೆ ಸಡಿಲ ಬಿಡಬೇಕು.

ಇನ್ನೊಂದು, ಬಿರುಕು. ಬಿರುಕಿನ ಮೊನೆಯಲ್ಲಿ ಸ್ಟ್ರೆಸ್ ಏರುವ ರೀತಿ ಮಾಮೂಲಿ ವಸ್ತುವಿನಂತೆಯೇ ಇರುತ್ತದೆ, ಮಾಡ್ಯುಲಸ್ ಮಾತ್ರ ಮೊನೆಯಲ್ಲಿ ಇರುವುದನ್ನು ಹಾಕಬೇಕು. ಆದರೆ ಗ್ರೇಡಿಂಗ್ ಬಿರುಕಿನ ದಿಕ್ಕಿನಲ್ಲೇ ಇದ್ದರೆ ನಾವು ಕಣ್ಣುಮುಚ್ಚಿ ಓದುವ ಜೆ ಇಂಟಿಗ್ರಲ್ (ಮೊನೆಯ ಸುತ್ತ ಒಂದು ದಾರಿ ಹಿಡಿದು ಲೆಕ್ಕ ಹಾಕುವ, ಬಿರುಕು ಬೆಳೆಯಲು ಸಿಗುವ ಶಕ್ತಿಯ ಅಳತೆ) ದಾರಿ ಬದಲಾದ ಹಾಗೆ ಬದಲಾಗುತ್ತದೆ. ಮೊದಲ ಸುತ್ತಿಗೆ ಒಂದು ಬೆಲೆ, ಐದನೆಯ ಸುತ್ತಿಗೆ ಇನ್ನೊಂದು. ಹೋಳು ಮಾಡಿದ ಮಾದರಿಯಲ್ಲಿ ಪ್ರತಿ ಗಡಿ ದಾಟುವಾಗಲೂ ಅದು ಎಗರುತ್ತದೆ, ಯಾಕೆ ಎಗರಿತು ಅಂತ ಗೊತ್ತಾಗದೆ ಕೂದಲು ಕಿತ್ತುಕೊಳ್ಳುತ್ತೀರಿ.

ರಾತ್ರಿ ಪಾಳಿ (ಶನಿವಾರ, ಮಧ್ಯಾಹ್ನ 1:10)

ನಿದ್ದೆ ಮುಗಿಸಿ ಬಂದೆ. ಯುಮ್ಯಾಟ್ ಬೇಡ ಅನ್ನುವವರಿಗೆ ಒಂದು ಕಳ್ಳದಾರಿ ಇದೆ, ಜೊತೆಗೆ ಅದರಲ್ಲಿ ನಾನು ಬಿದ್ದ ಹಳ್ಳವೂ ಇದೆ.

ಮಾಡ್ಯುಲಸ್ಸನ್ನು ಉಷ್ಣಾಂಶದ ಜೊತೆ ಬದಲಾಗುವ ಹಾಗೆ ಟೇಬಲ್ ಕೊಡಿ. ಆಮೇಲೆ ಪ್ರತಿ ನೋಡಿಗೆ ಅದರ ಜಾಗವನ್ನೇ ಉಷ್ಣಾಂಶ ಅಂತ ಕೊಟ್ಟುಬಿಡಿ. ಕೆಳಗಿನ ಮೈಗೆ 0 ಡಿಗ್ರಿ, ಮೇಲಿನ ಮೈಗೆ 12 ಡಿಗ್ರಿ. ಹಿಗ್ಗುವ ಗುಣಾಂಕ ಸೊನ್ನೆ ಇಟ್ಟರೆ ಬಿಸಿಯಿಂದ ಏನೂ ಹಿಗ್ಗುವುದಿಲ್ಲ, ಮಾಡ್ಯುಲಸ್ ಮಾತ್ರ ಬದಲಾಗುತ್ತದೆ. ಒಂದು ಸಾಲು ಕೋಡ್ ಬೇಡ. ಹಳೆಯ ತಂತ್ರ, ಸಂಶೋಧನಾ ಪ್ರಬಂಧಗಳಲ್ಲೂ ಬಳಸಿದ್ದಾರೆ.

ನಾನು ಒಂದು ಲೇಪನದ ಕೆಲಸಕ್ಕೆ ಇದನ್ನೇ ಮಾಡಿದ್ದೆ. ಗ್ರಾಹಕರಿಗೆ ಗ್ರೇಡೆಡ್ ಎಲಿಮೆಂಟ್ ಅಂತ ಹೆಮ್ಮೆಯಿಂದ ಹೇಳಿದ್ದೂ ಆಯಿತು. ಮೂರು ವಾರ ಕಳೆದ ಮೇಲೆ ಒಬ್ಬ ಜೂನಿಯರ್ ಕೇಳಿದ: ಸರ್, ಒಂದು ಎಲಿಮೆಂಟಿನ ನಾಲ್ಕೂ ಗೌಸ್ ಬಿಂದುವಿನಲ್ಲಿ ಉಷ್ಣಾಂಶ ಯಾಕೆ ಒಂದೇ ತೋರಿಸುತ್ತಿದೆ? ಕೈಪಿಡಿ ತೆಗೆದು ನೋಡಿದರೆ ಅಬಾಕಸ್ ಮೊದಲ ದರ್ಜೆಯ (ನಾಲ್ಕು ನೋಡಿನಂಥ) ಎಲಿಮೆಂಟುಗಳಲ್ಲಿ ನೋಡುಗಳ ಉಷ್ಣಾಂಶದ ಸರಾಸರಿಯನ್ನೇ ಎಲ್ಲಾ ಗೌಸ್ ಬಿಂದುವಿಗೂ ಕೊಡುತ್ತದೆ. ಅಂದರೆ ನಾನು ಮಾಡಿದ್ದು ಹೋಳು, ಹೇಳಿದ್ದು ಗ್ರೇಡೆಡ್. ಎರಡನೆಯ ದರ್ಜೆಯ (ಎಂಟು ನೋಡಿನಂಥ) ಎಲಿಮೆಂಟಿನಲ್ಲಿ ಉಷ್ಣಾಂಶ ಒಳಗೆ ನೇರ ಗೆರೆಯಲ್ಲಿ ಬದಲಾಗುತ್ತದೆ, ಅಲ್ಲಿ ಈ ತಂತ್ರ ನಿಜವಾಗಿ ಕೆಲಸ ಮಾಡುತ್ತದೆ. ಆ ಜೂನಿಯರ್‌ಗೆ ಮಸಾಲೆ ದೋಸೆ ಕೊಡಿಸಿದೆ, ಗ್ರಾಹಕರಿಗೆ ಒಂದು ಉದ್ದದ ಇಮೇಲ್ ಬರೆದೆ.

ಯುಮ್ಯಾಟ್ ಬರೆದವರಿಗೂ ಒಂದು ಎಚ್ಚರ. ದೊಡ್ಡ ಡಿಫಾರ್ಮೇಷನ್ ಆಯ್ಕೆ ಹಾಕಿದ್ದರೆ ಅದು ಕೊಡುವ ಕೋಆರ್ಡಿನೇಟ್ ಈಗಿನ ಜಾಗದ್ದು, ಹುಟ್ಟಿದ ಜಾಗದ್ದಲ್ಲ. ಬೀಮ್ ಕೆಳಗೆ ಬಾಗಿದ ಹಾಗೆ ಉಕ್ಕು ನಿಧಾನವಾಗಿ ಅಲ್ಯೂಮಿನಿಯಂ ಆಗುತ್ತಾ ಹೋಗುತ್ತದೆ! ಮೊದಲ ಇನ್‌ಕ್ರಿಮೆಂಟಿನಲ್ಲೇ ಕೋಆರ್ಡಿನೇಟನ್ನು ಸ್ಟೇಟ್ ವೇರಿಯಬಲ್‌ಗೆ ತುಂಬಿಟ್ಟುಕೊಂಡು ಆಮೇಲೆ ಅದನ್ನೇ ಓದಿ.

ಮಂಡ್ಯ ಬೀಮ್

ಅಯ್ಯೋ. ನನ್ನದರಲ್ಲಿ ಆ ಆಯ್ಕೆ ಆನ್ ಇತ್ತು. ಡಿಫ್ಲೆಕ್ಷನ್ ಚಿಕ್ಕದು, ಅದಕ್ಕೆ ಗೊತ್ತಾಗಿಲ್ಲ. ಈಗ ತೆಗೆದೆ.

ಮಣ್ಣಿನ ಮಗಳು

ಮೈಸೂರಿನಿಂದ, ಸಿವಿಲ್ ಕಡೆಯವಳು. ಎತ್ತು-ಹಗ್ಗದ ಮಾತು ಓದಿ ಬಂದೆ. ನಿಮ್ಮ ಹಗ್ಗದ ಕೇಸ್ ನಮ್ಮ ದಿನನಿತ್ಯದ ಕೇಸ್. ಮಣ್ಣು ಆಳಕ್ಕೆ ಹೋದ ಹಾಗೆ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ, ಕಟ್ಟಡದ ಭಾರವೂ ಆಳದ ಕಡೆಗೇ. ಗ್ರೇಡಿಂಗ್ ಮತ್ತು ಭಾರ ಒಂದೇ ದಿಕ್ಕು. ಆದರೂ ನಾವು ತಲೆಮಾರುಗಳಿಂದ ಪದರ ಪದರವಾಗಿ ಹೋಳು ಮಾಡಿ ಕುಸಿತ ಲೆಕ್ಕ ಹಾಕುತ್ತಾ ಬಂದಿದ್ದೇವೆ, ಅದು ಪರವಾಗಿಲ್ಲ ಅನ್ನುವುದಕ್ಕೆ ಕಾರಣ ಇವತ್ತು ಗೊತ್ತಾಯಿತು.

ಪ್ರೋಗ್ರಾಂ ಪರೀಕ್ಷಿಸಲು ನಮ್ಮಲ್ಲಿ ಒಂದು ಚಂದದ ಉತ್ತರ ಇದೆ. 1967ರಲ್ಲಿ ಗಿಬ್ಸನ್ ಎಂಬ ಮಣ್ಣಿನ ತಜ್ಞ ತೋರಿಸಿದ್ದು. ಶಿಯರ್ ಮಾಡ್ಯುಲಸ್ (ಅಡ್ಡ ಜಾರುವುದನ್ನು ತಡೆಯುವ ಬಿಗಿತ) ಮೇಲ್ಮೈಯಲ್ಲಿ ಸೊನ್ನೆ, ಆಳದ ಜೊತೆ ನೇರ ಗೆರೆಯಲ್ಲಿ ಏರುತ್ತದೆ, ಮಣ್ಣು ಕುಗ್ಗದ ಜಾತಿಯದು. ಆಗ ಭಾರ ಹೇರಿದ ಜಾಗದ ಕೆಳಗೆ ಎಲ್ಲಾ ಕಡೆ ಒಂದೇ ಕುಸಿತ, ಅದರ ಪಕ್ಕದಲ್ಲಿ ಒಂದು ಹೆಜ್ಜೆ ಆಚೆ ಸೊನ್ನೆ. ಕುಸಿತ ಅಂದರೆ ಒತ್ತಡ ಭಾಗಿಸು ಏರಿಕೆಯ ದರದ ಎರಡರಷ್ಟು, ಅಷ್ಟೇ. ಮಣ್ಣು ಪೂರ್ತಿ ಸ್ಪ್ರಿಂಗುಗಳ ಸಾಲಿನಂತೆ ನಡೆದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಮಾಡ್ಯುಲಸ್ ಸೊನ್ನೆ ಆದರೂ ಪ್ರೋಗ್ರಾಂ ಗಲಾಟೆ ಮಾಡುವುದಿಲ್ಲ, ಯಾಕೆಂದರೆ ಗೌಸ್ ಬಿಂದು ಯಾವತ್ತೂ ಅಂಚಿನ ಮೇಲೆ ಕೂರುವುದಿಲ್ಲ. ಒಂದೇ ತೊಂದರೆ, ಕುಗ್ಗದ ಮಣ್ಣಿಗೆ ಮಾಮೂಲಿ ಎಲಿಮೆಂಟ್ ಹಾಕಿದರೆ ಬಿಗಿದುಕೊಂಡು ಬಿಡುತ್ತದೆ, ಹೈಬ್ರಿಡ್ ಎಲಿಮೆಂಟ್ (ಒತ್ತಡವನ್ನು ಬೇರೆಯಾಗಿ ಲೆಕ್ಕ ಹಾಕುವಂಥದ್ದು) ಬೇಕು.

ಕಬ್ಬಿನ ಜಲ್ಲೆ

ನಾನು ಪಾಂಡವಪುರದ ಹತ್ತಿರದವನು. ಮೆಕ್ಯಾನಿಕಲ್ ಓದಿ ಈಗ ಗದ್ದೆ ನೋಡಿಕೊಳ್ಳುತ್ತಿದ್ದೇನೆ. ಓದುತ್ತಾ ಓದುತ್ತಾ ಎದ್ದು ಹೋಗಿ ಹಿತ್ತಲಿನ ಬಿದಿರು ಒಂದನ್ನು ಕೊಯ್ದು ನೋಡಿದೆ. ಗರಗಸದಲ್ಲಿ ಅಡ್ಡ ಕೊಯ್ದು, ಬ್ಲೇಡಿನಲ್ಲಿ ಹೆರೆದು, ಸ್ವಲ್ಪ ಒದ್ದೆ ಮಾಡಿದರೆ ಕಾಣುತ್ತದೆ. ಹೊರ ಸಿಪ್ಪೆಯ ಪಕ್ಕದಲ್ಲಿ ಕಂದು ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗೆ ಒತ್ತೊತ್ತಾಗಿ, ಒಳಗೆ ಹೋದ ಹಾಗೆ ಚುಕ್ಕಿ ದೊಡ್ಡದು, ಆದರೆ ದೂರ ದೂರ. ಆ ಚುಕ್ಕಿಯಲ್ಲೇ ನಾರು ಇರುವುದು. ಕಬ್ಬಿನ ಜಲ್ಲೆ ಕೊಯ್ದರೂ ಹೊರಗೆ ಒತ್ತು, ಒಳಗೆ ಸಡಿಲ. ಹಲ್ಲಿನಲ್ಲಿ ಸಿಗಿದವರಿಗೆ ಸಿಪ್ಪೆ ಎಷ್ಟು ಗಟ್ಟಿ ಅಂತ ಹೇಳಬೇಕಾಗಿಲ್ಲ. ತೆಂಗಿನ ಮರದಲ್ಲೂ ಬಡಗಿ ಕಂಬಕ್ಕೆ ತೆಗೆದುಕೊಳ್ಳುವುದು ಹೊರಗಿನ ಭಾಗ, ತಿರುಳು ಒಲೆಗೆ. ಈ ಮಟೀರಿಯಲ್ ಯಾರು ಕಂಡುಹಿಡಿದದ್ದು ಅಂತ ಕೇಳಿದರೆ ಏನು ಹೇಳುವುದು?

ಹೆಬ್ಬಾಳದ ಹಳಬ

ಬಿದಿರು ಅಂತಲೇ ಹೇಳಿ, ಪರೀಕ್ಷಕರೂ ಒಪ್ಪುತ್ತಾರೆ. ಹೆಸರಿಟ್ಟು ಯೋಜನೆ ಮಾಡಿದ್ದು ಜಪಾನಿನವರು, 1984ರ ಸುಮಾರಿಗೆ, ಸೆಂದಾಯ್ ಕಡೆ. ಬಾಹ್ಯಾಕಾಶ ವಿಮಾನಕ್ಕೆ ಒಂದು ಗೋಡೆ ಬೇಕಿತ್ತು: ಹೊರ ಮೈ 2000 ಕೆಲ್ವಿನ್, 10 ಮಿಮೀಗಿಂತ ಕಡಿಮೆ ದಪ್ಪದಲ್ಲಿ 1000 ಕೆಲ್ವಿನ್ ಇಳಿಯಬೇಕು. ಸೆರಾಮಿಕ್ಕನ್ನು ಲೋಹದ ಮೇಲೆ ಸುಮ್ನೆ ಅಂಟಿಸಿದರೆ, ಲೋಹ ಹಿಗ್ಗಿದಷ್ಟು ಸೆರಾಮಿಕ್ ಹಿಗ್ಗುವುದಿಲ್ಲ, ಅಂಟು ಜಾಗದಲ್ಲೇ ಎದ್ದು ಬರುತ್ತದೆ. ಅದಕ್ಕೆ ಗಡಿಯನ್ನೇ ಅಳಿಸಿಬಿಡೋಣ ಅಂದರು.

ಈಗ ಮಂಡ್ಯ ಬೀಮ್‌ಗೆ ಒಂದು ಕಹಿ ಮಾತು. ಹಲ್ಲು, ಹಾಲುಹಲ್ಲು ಅಂತ ಶೇಕಡ ಅರ್ಧಕ್ಕೆ ಎರಡು ದಿನ ಕಳೆದೆವು. ನಿಮ್ಮ ನಡು ಮೈಯಲ್ಲಿ ಮಾಡ್ಯುಲಸ್ 140 ಅಂತ ಯಾರು ಹೇಳಿದರು? ಅರ್ಧ ಅಲ್ಯೂಮಿನಿಯಂ, ಅರ್ಧ ಉಕ್ಕು, ಆದ್ದರಿಂದ ಸರಾಸರಿ. ಇದು ಜೋಡೆತ್ತಿನ ಲೆಕ್ಕ, ಅತಿ ಹೆಚ್ಚು ಬೆಲೆ. ಅದೇ ಮಿಶ್ರಣಕ್ಕೆ ಹಗ್ಗದ ಲೆಕ್ಕ ಹಾಕಿದರೆ 105. ಅಲ್ಯೂಮಿನಾ 380 ಇಟ್ಟುಕೊಂಡು ಅಲ್ಯೂಮಿನಿಯಂ ಜೊತೆ ಬೆರೆಸುವವರ ಕಥೆ ಇನ್ನೂ ಕೆಟ್ಟದ್ದು, ಒಂದು ಲೆಕ್ಕಕ್ಕೆ 225, ಇನ್ನೊಂದಕ್ಕೆ 118! ನಿಜವಾದದ್ದು ನಡುವೆ ಎಲ್ಲೋ ಇದೆ, ಮೋರಿ-ತನಾಕಾ ಮಾದರಿಯನ್ನು ಜನ ಬಳಸುವುದು ಅದಕ್ಕೇ. ಎಲಿಮೆಂಟ್ ಯಾವುದು ಅಂತ ಜಗಳ ಆಡುವ ಮೊದಲು ಈ ಅಂಕಿ ಎಲ್ಲಿಂದ ತಂದೆ ಅಂತ ಉತ್ತರ ಇಟ್ಟುಕೊಳ್ಳಿ.

ಅಂದ ಹಾಗೆ ಅಲ್ಯೂಮಿನಿಯಂ ಮತ್ತು ಉಕ್ಕು ಲೆಕ್ಕಕ್ಕೆ ಚಂದ. ನಿಜವಾಗಿ ಬಿಸಿ ಮಾಡಿ ಕೂಡಿಸಿದರೆ ನಡುವೆ ಕಬ್ಬಿಣ-ಅಲ್ಯೂಮಿನಿಯಂ ಸಂಯುಕ್ತ ಹುಟ್ಟುತ್ತದೆ, ಚಕ್ಕುಲಿಯ ಹಾಗೆ ಮುರಿಯುತ್ತದೆ. ರಿವ್ಯೂನಲ್ಲಿ ಯಾರಾದರೂ ಕೇಳಿಯಾರು.

ಮೆಶ್ ಮಾಮ

ಹಾಗಾದರೆ ನಿಜವಾಗಿ ಹೇಗೆ ಮಾಡುತ್ತಾರೆ? ಕಾರ್ಖಾನೆಯಲ್ಲಿ ಯಾರೂ ಪವರ್ ಲಾ ಸುರಿಯುವುದಿಲ್ಲ ತಾನೇ.

ಹೆಬ್ಬಾಳದ ಹಳಬ

ಮಾಮ, ಈ ಸಲ ಪೂರ್ತಿ ಅಂಕ. ಕರಗಿದ ಅಲ್ಯೂಮಿನಿಯಂಗೆ ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿಸಿ ಅಚ್ಚನ್ನು ಗಿರಗಿರ ತಿರುಗಿಸಿದರೆ ಪುಡಿ ಹೊರಕ್ಕೆ ಹೋಗಿ ಕೂರುತ್ತದೆ, ಯಾಕೆಂದರೆ ಅದರ ಸಾಂದ್ರತೆ 3.2, ಕರಗಿದ ಅಲ್ಯೂಮಿನಿಯಂದು 2.4ರ ಹತ್ತಿರ. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾಗುವ ಹಾಗೆ, ಆದರೆ ಇಲ್ಲಿ ಭಾರದ್ದು ಆಚೆ. ಇದರಲ್ಲಿ ಗ್ರೇಡಿಂಗ್ ನುಣುಪು. ಪ್ಲಾಸ್ಮಾ ಸ್ಪ್ರೇ ಮಾಡಿದರೆ ಪದರದ ಮೇಲೆ ಪದರ, ಪ್ರತಿ ಪದರಕ್ಕೆ ಬೇರೆ ಮಿಶ್ರಣ. ಅಲ್ಲಿ ವಸ್ತುವೇ ಮೆಟ್ಟಿಲು! ಐದು ಪದರ ಸಿಂಪಡಿಸಿದ ಲೇಪನಕ್ಕೆ ನುಣುಪಾದ ಯುಮ್ಯಾಟ್ ಹಾಕಿದರೆ ಮಾದರಿಗೆ ಚಂದ, ಲೇಪನಕ್ಕೆ ಸುಳ್ಳು. ನಿಜವಾಗಿ ಇರುವ ಸ್ಟ್ರೆಸ್ ನೆಗೆತವನ್ನು ನೀವೇ ಅಳಿಸಿ ಹಾಕಿದಂತೆ.

ಬಣ್ಣದ ಚಿತ್ರದಲ್ಲೂ ಇದೇ ಮೋಸ ಆಗುತ್ತದೆ. ಗಡಿಯ ಆಚೀಚೆಯ ಸ್ಟ್ರೆಸ್ಸನ್ನು ಸರಾಸರಿ ಮಾಡಿ ತೋರಿಸು ಅಂತ ಒಂದು ಟಿಕ್ ಹಾಕಿದರೆ ಮೆಟ್ಟಿಲು ಮಾಯ. ಗೌಸ್ ಬಿಂದುವಿನ ಅಂಕಿಯನ್ನೇ ಓದುವ ಅಭ್ಯಾಸ ಮಾಡಿಕೊಳ್ಳಿ.

ಮಂಡ್ಯ ಬೀಮ್ (ಭಾನುವಾರ, ಸಂಜೆ 4:00)

ಸ್ಲೈಡ್ ಮಾಡುತ್ತಿದ್ದೇನೆ. ಬಾಗುವ ಬೀಮಿಗೂ ಸರಳಿನಂತೆ ಒಂದು ಕೈಲೆಕ್ಕ ಇದ್ದರೆ ಹೇಳಿ.

ಹೆಬ್ಬಾಳದ ಹಳಬ

ಇದೆ, ಅದೂ ಬಾಯಲ್ಲೇ ಹೇಳುವಷ್ಟು ಸುಲಭ. ನ್ಯೂಟ್ರಲ್ ಆಕ್ಸಿಸ್ (ಬಾಗಿದಾಗ ಹಿಗ್ಗದೆ ಕುಗ್ಗದೆ ಉಳಿಯುವ ಗೆರೆ) ನಟ್ಟನಡುವೆ ಇರುವುದಿಲ್ಲ, ಗಟ್ಟಿ ಕಡೆಗೆ ಸರಿಯುತ್ತದೆ. ನಿಮ್ಮ 70ರಿಂದ 210ಕ್ಕೆ ಅದು ದಪ್ಪದ ಹನ್ನೆರಡನೇ ಒಂದು ಭಾಗ. ದಪ್ಪ 12 ಮಿಮೀ, ಸರಿಯುವುದು 1 ಮಿಮೀ. ಕೆಳಗಿನಿಂದ 7 ಮಿಮೀ ಎತ್ತರದಲ್ಲಿ ಸ್ಟ್ರೆಸ್ ಸೊನ್ನೆ ಬರಬೇಕು. ಸರಿದದ್ದನ್ನು ಮರೆತು ನಡುವಿನಿಂದಲೇ ಲೆಕ್ಕ ಹಾಕಿದರೆ ಬೀಮ್ ಶೇಕಡ 9ರಷ್ಟು ಹೆಚ್ಚು ಗಟ್ಟಿ ಅಂತ ಬರುತ್ತದೆ. ಕರಾರುವಾಕ್ಕಾಗಿ ಹನ್ನೊಂದಕ್ಕೆ ಹನ್ನೆರಡು.

ಮಂಡ್ಯ ಬೀಮ್

7.00! ಇಷ್ಟು ದಿನ ಆ ಗೆರೆ 6ರಲ್ಲಿ ಇಲ್ಲ ಅಂತ ನಾನು ಬೌಂಡರಿ ಕಂಡಿಷನ್ ಬದಲಾಯಿಸುತ್ತಾ ಕೂತಿದ್ದೆ.

ಕಬ್ಬಿನ ಜಲ್ಲೆ

ನನ್ನದೂ ಒಂದು ಪ್ರಶ್ನೆ. ಬಿದಿರು ಸೀಳಿ ಪಟ್ಟಿ ಮಾಡಿ ಎರಡು ಕಲ್ಲಿನ ಮೇಲಿಟ್ಟು ಭಾರ ಹಾಕಿದರೆ, ಸಿಪ್ಪೆ ಮೇಲಿದ್ದಾಗ ಮತ್ತು ಕೆಳಗಿದ್ದಾಗ ಬಗ್ಗುವುದು ಬೇರೆ ಬೇರೆ ಅಲ್ವಾ? ನಮ್ಮಪ್ಪ ಸಿಪ್ಪೆ ಮೇಲೆ ಇರಲಿ ಅಂತಲೇ ಹೇಳುತ್ತಾರೆ.

ರಾತ್ರಿ ಪಾಳಿ

ಬೇರೆ ಇರಬೇಕು. ಎಳೆತ ಬೀಳುವುದು ಕೆಳಗೆ, ಗಟ್ಟಿ ಭಾಗ ಕೆಳಗಿದ್ದರೆ ಕಡಿಮೆ ಬಗ್ಗಬೇಕು.

ಮಣ್ಣಿನ ಮಗಳು

ನನಗೂ ಹಾಗೇ ಅನ್ನಿಸುತ್ತದೆ.

ಹೆಬ್ಬಾಳದ ಹಳಬ

ಇಬ್ಬರೂ ತಪ್ಪು. ಪಟ್ಟಿ ಮಗುಚುವುದೂ ಒಂದೇ, ಪಟ್ಟಿಯನ್ನು ಹಾಗೇ ಬಿಟ್ಟು ಭಾರವನ್ನು ಕೆಳಕ್ಕೆ ಎಳೆಯುವ ಬದಲು ಮೇಲಕ್ಕೆ ಎಳೆಯುವುದೂ ಒಂದೇ. ಎಳೆತಕ್ಕೂ ಒತ್ತಡಕ್ಕೂ ಮಾಡ್ಯುಲಸ್ ಒಂದೇ ಇದ್ದು, ಬಾಗುವಿಕೆ ಚಿಕ್ಕದಿದ್ದರೆ, ಮೇಲಕ್ಕೆ ಎಳೆದಾಗ ಎಷ್ಟು ಏರುತ್ತದೋ ಕೆಳಕ್ಕೆ ಎಳೆದಾಗ ಅಷ್ಟೇ ಇಳಿಯುತ್ತದೆ. ಮುರಿಯುವುದು ಬೇರೆ ವಿಷಯ, ಅದರಲ್ಲಿ ಯಾವ ಮೈ ಎಲ್ಲಿದೆ ಅನ್ನುವುದು ಮುಖ್ಯ. ನಿಮ್ಮಪ್ಪ ಹೇಳುವುದು ಬಹುಶಃ ಮುರಿಯುವ ಮಾತು, ಇಲ್ಲವೇ ನೀರು ನಿಲ್ಲಬಾರದು ಅಂತ.

ಮಂಡ್ಯ ಬೀಮ್

ನನ್ನ ಬೀಮನ್ನು ತಲೆಕೆಳಗು ಮಾಡಿ ಓಡಿಸಿದೆ. ನಾಲ್ಕನೇ ದಶಾಂಶದವರೆಗೂ ಅದೇ ಡಿಫ್ಲೆಕ್ಷನ್.

ಕಬ್ಬಿನ ಜಲ್ಲೆ (ಭಾನುವಾರ, ಸಂಜೆ 6:20)

ಕಂಪ್ಯೂಟರ್ ನಂಬುವ ಜಾತಿ ನಾನಲ್ಲ. ಮೂರು ಅಡಿ ಪಟ್ಟಿ ಸೀಳಿದೆ. ಬೆರಳಗಲ, ಸುಮಾರು 8 ಮಿಮೀ ದಪ್ಪ. ಎರಡು ಪ್ಲಾಸ್ಟಿಕ್ ಕುರ್ಚಿ ಎದುರುಬದುರು ಇಟ್ಟು ನಡುವೆ ಒಂದು ಲೀಟರ್ ನೀರಿನ ಬಾಟಲ್ ನೇತು ಹಾಕಿದೆ. ಮಗಳ ಸ್ಕೇಲು ಪಕ್ಕದಲ್ಲಿ ನಿಲ್ಲಿಸಿದೆ. ಸಿಪ್ಪೆ ಮೇಲೆ: 11 ಮಿಮೀ ಇಳಿಯಿತು. ಸಿಪ್ಪೆ ಕೆಳಗೆ: 11, ಬೇಕಾದರೆ ಒಂದು ಕೂದಲೆಳೆ ಜಾಸ್ತಿ ಅನ್ನಿ, ಪಟ್ಟಿ ಸ್ವಲ್ಪ ಡೊಂಕು ಇತ್ತು. ಮೂರು ಮೂರು ಸಲ ಮಗುಚಿ ನೋಡಿದೆ. ಅಪ್ಪ ಜಗಲಿಯಿಂದ ನೋಡುತ್ತಿದ್ದವರು ಬಂದು ಬಾಟಲ್ ತೆಗೆದು ಪಟ್ಟಿಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದರು, ಒಮ್ಮೆ ಹೀಗೆ, ಒಮ್ಮೆ ಹಾಗೆ. ಏನೂ ಹೇಳಲಿಲ್ಲ. ಆ ಪಟ್ಟಿ ಈಗ ಹಿತ್ತಲಿನ ಬದನೆ ಗಿಡಕ್ಕೆ ಊರುಗೋಲು, ಸಿಪ್ಪೆ ಹೊರಗೆ.

ಮಂಡ್ಯ ಬೀಮ್

ಆ ಕುರ್ಚಿ ಮತ್ತು ಬಾಟಲಿನ ಫೋಟೋ ಇದ್ದರೆ ಹಾಕಿ, ಕೊನೆಯ ಸ್ಲೈಡಿಗೆ ಜಾಗ ಇದೆ.